ಮೂರನೆಯವನ ಪದಕ ಎಲ್ಲಿ?

ಶೌರ್ಯಕ್ಕೆ ಪದಕವೇ ಸಾಕ್ಷಿ ಎಂದು ನಂಬುವವರು ನಮ್ಮಲ್ಲಿ ಬಹುಮಂದಿ. ಯುದ್ಧದ ಕಥೆ ಬರೆಯುವ ಮಹನೀಯರಂತೂ ಒಬ್ಬನಿಗೆ ಬಂದ ಬಿರುದುಗಳೆಷ್ಟು ಎಂದು ಎಣಿಸಿ, ಅವನ ಎದೆಗಾರಿಕೆಯ ತೂಕವನ್ನು ನಮ್ಮ ಕೈಗೆ ಕೊಟ್ಟುಬಿಡುತ್ತಾರೆ. ಓದುವ ನಾವು ತಲೆದೂಗುತ್ತೇವೆ. ನನ್ನ ತಕರಾರು ಈ ತಲೆದೂಗುವುದರ ಮೇಲೆ. ಪದಕವು ಪಡೆದವನ ಶೌರ್ಯವನ್ನು ಎಷ್ಟು ತಿಳಿಸುತ್ತದೆಯೋ ಅದಕ್ಕಿಂತ ಹೆಚ್ಚಾಗಿ ಕೊಟ್ಟವರ ಮನಸ್ಸನ್ನು ತಿಳಿಸುತ್ತದೆ ಎಂಬುದು ನನ್ನ ವಾದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯು ತನ್ನ ಬಾಂಬರ್ ವಿಮಾನಗಳಲ್ಲಿ ಹಾರಿದವರಿಗೆ ಪದಕ ಹಂಚಿದ ರೀತಿಯನ್ನು ವಾಚಕರ ಮುಂದಿಡುತ್ತೇನೆ. ತೀರ್ಪು ಅವರದು.

೧೯೪೦ರ ಮೇ ೧೦ರಂದು ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂಗಳ ಮೇಲೆ ನುಗ್ಗಿತು. ಮಾಸ್ಟ್ರಿಕ್ಟ್ ಪಟ್ಟಣದ ಬಳಿ ಆಲ್ಬರ್ಟ್ ಕಾಲುವೆಯ ಮೇಲಿನ ಸೇತುವೆಗಳು ಮುರಿಯದೆಯೇ ಅವರ ಕೈಸೇರಿದವು. ಅವುಗಳನ್ನು ಒಡೆಯಲು ಮೇ ೧೨ರಂದು ೧೨ನೆಯ ಸ್ಕ್ವಾಡ್ರನ್ನಿನ ಐದು ‘ಬ್ಯಾಟಲ್’ ವಿಮಾನಗಳು ಹೊರಟವು. ಹೆಸರಿಗೆ ಯುದ್ಧ, ವಾಸ್ತವವಾಗಿ ಒಂದೇ ಯಂತ್ರದ, ನಿಧಾನಗತಿಯ ವಿಮಾನ. ಹೋದವರೆಲ್ಲರೂ ತಾವಾಗಿಯೇ ಮುಂದೆ ಬಂದವರು. ವೆಲ್ಡ್‌ವೆಜೆಲ್ಟ್ ಸೇತುವೆಯ ಮೇಲೆರಗಿದ ಮೂರು ವಿಮಾನಗಳಲ್ಲಿ ಮುಂದಿನದನ್ನು ನಡೆಸಿದವನು ಡೊನಾಲ್ಡ್ ಗಾರ್ಲಂಡ್, ಇಪ್ಪತ್ತೊಂದರ ಯುವಕ. ದಾರಿ ನೋಡಿ ಗುರಿ ತೋರಿಸಿದವನು ಸಾರ್ಜೆಂಟ್ ಥಾಮಸ್ ಗ್ರೇ. ಇವರ ಹಿಂದೆ, ಬಂದ ದಾರಿಯ ಕಡೆಗೆ ಮುಖಮಾಡಿ, ಬಂದೂಕು ಹಿಡಿದು ಕುಳಿತಿದ್ದವನು ಲಾರೆನ್ಸ್ ರೇನಾಲ್ಡ್ಸ್. ಅವನಿಗೆ ಇಪ್ಪತ್ತು ವರ್ಷ. ವೈರ್‌ಲೆಸ್ ಕೆಲಸವೂ ಅವನದೇ.

ಕೆಳಗಿನಿಂದ ಗುಂಡಿನ ಮಳೆ ಸುರಿಯುತ್ತಿದ್ದಂತೆಯೇ ಅವರು ಸೇತುವೆಯ ಮೇಲೆ ಬಾಂಬು ಹಾಕಿದರು. ಸೇತುವೆಗೆ ಪೆಟ್ಟಾಯಿತು. ವಿಮಾನ ಉರುಳಿತು. ಮೂವರೂ ಸತ್ತರು. ಜೂನ್ ೧೧ರಂದು ರಾಜಪತ್ರದಲ್ಲಿ ಗಾರ್ಲಂಡ್ ಮತ್ತು ಗ್ರೇ ಅವರಿಗೆ ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ಆ ಯುದ್ಧದಲ್ಲಿ ವಾಯುಪಡೆಗೆ ಬಂದ ಮೊದಲ ವಿಕ್ಟೋರಿಯಾ ಕ್ರಾಸ್‌ಗಳು ಅವೇ. ರೇನಾಲ್ಡ್ಸನಿಗೆ ಏನು ಬಂತು? ಏನೂ ಬರಲಿಲ್ಲ. ಬೆಲ್ಜಿಯಂ ದೇಶದ ಹೆವರ್ಲಿಯ ಯುದ್ಧಸ್ಮಶಾನದಲ್ಲಿ ಮೂವರೂ ಇದ್ದಾರೆ. ಮಣ್ಣು ಮಾಡದ ಭೇದವನ್ನು ರಾಜಪತ್ರ ಮಾಡಿತು.

ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುವ ಮಿತ್ರರೊಬ್ಬರ ಮುಂದೆ ಈ ವಿಷಯವೆತ್ತಿದೆ. ಅವರೆಂದರು: “ಅಲ್ಲ ಸ್ವಾಮಿ, ನಿರ್ಧಾರ ಮಾಡಿದವನು ಚಾಲಕ, ದಾರಿ ಹಿಡಿಸಿದವನು ಇನ್ನೊಬ್ಬ. ಹಿಂದೆ ಕುಳಿತವನು ನಿರ್ಧರಿಸಿದ್ದೇನು? ಅವರು ಹೋದಲ್ಲಿಗೆ ಅವನೂ ಹೋದ.” ರೇನಾಲ್ಡ್ಸನನ್ನು ಕೈಬಿಟ್ಟದ್ದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೂ ಇದೇ. ಇದಕ್ಕಿಂತ ದುರ್ಬಲವಾದ ಸಮಾಧಾನವನ್ನು ನಾನು ಕೇಳಿಲ್ಲ. ಹೋಗಲು ಒಪ್ಪಿದ್ದು ನಿರ್ಧಾರವಲ್ಲವೆ? ಚುಕ್ಕಾಣಿ ಹಿಡಿದವನಿಗೆ ಕೈಗಳಿಗಾದರೂ ಕೆಲಸವಿದೆ. ವಿಮಾನ ಎತ್ತ ತಿರುಗುತ್ತದೆಂದು ತಿಳಿಯದೆ, ತಿರುಗಿಸುವ ಅಧಿಕಾರವೂ ಇಲ್ಲದೆ, ಬರುವ ಗುಂಡಿಗೆ ಎದೆಗೊಟ್ಟು ತನ್ನ ಕೆಲಸ ಮಾಡುತ್ತ ಕೂಡುವುದಕ್ಕೆ ಬೇಕಾದ ಧೈರ್ಯ ಕಡಿಮೆಯೆಂದು ಯಾವ ತಕ್ಕಡಿಯಲ್ಲಿ ತೂಗಿ ಹೇಳುತ್ತೀರಿ?

ಕನ್ನಡ ಪಾಠ ಹೇಳುವವನಾದ ನನಗೆ ವಿರಾಟಪರ್ವ ನೆನಪಾಗುತ್ತದೆ. ರಥದಲ್ಲಿ ಇದ್ದವರು ಇಬ್ಬರು. ಊರು ಸಿಂಗಾರಗೊಂಡದ್ದು ಒಬ್ಬನಿಗಾಗಿ. ಬೃಹನ್ನಳೆಯ ಹೆಸರೆತ್ತಿದ ಕಂಕನಿಗೆ ವಿರಾಟರಾಯನಿಂದ ದೊರೆತ ಬಹುಮಾನವೆಂದರೆ ಮುಖಕ್ಕೆ ದಾಳದ ಪೆಟ್ಟು. ಗಾರ್ಲಂಡ್ ಉತ್ತರಕುಮಾರನಂಥವನೆಂದು ನಾನು ಹೇಳುತ್ತಿಲ್ಲ. ಅವನು ವೀರನೇ ಸರಿ. ನಾನು ಹೇಳುತ್ತಿರುವುದು ವಿರಾಟರಾಯನ ವಿಚಾರ. ರಥದಲ್ಲಿ ಎಷ್ಟು ಮಂದಿ ಇದ್ದರೆಂದು ಕೇಳುವ ಅಭ್ಯಾಸ ಅರಮನೆಗಳಿಗಿಲ್ಲ.

ಇದು ಒಂದು ವಿಮಾನದ ಮಟ್ಟಿಗೆ ಆದ ಪ್ರಮಾದವೆಂದು ತಳ್ಳಿಹಾಕುವಂತಿಲ್ಲ. ಲ್ಯಾಂಕಾಸ್ಟರ್ ಎಂಬ ದೊಡ್ಡ ಬಾಂಬರಿನಲ್ಲಿ ಏಳು ಮಂದಿ ಇರುತ್ತಿದ್ದರು: ಚಾಲಕ, ಯಂತ್ರ ನೋಡುವವನು, ದಾರಿ ಲೆಕ್ಕ ಹಾಕುವವನು, ಬಾಂಬು ಗುರಿಯಿಡುವವನು, ವೈರ್‌ಲೆಸ್ಸಿನವನು, ಇಬ್ಬರು ಗನ್ನರುಗಳು. ಏಳರಲ್ಲಿ ಒಬ್ಬ ತಪ್ಪಿದರೆ ಏಳೂ ಹೋಯಿತು. ಹೀಗಿದ್ದರೂ ಒಂದೇ ರಾತ್ರಿ, ಒಂದೇ ವಿಮಾನದಲ್ಲಿ, ಒಂದೇ ಬೆಂಕಿಯನ್ನು ಹಾದುಬಂದ ಇಬ್ಬರಲ್ಲಿ ಅಧಿಕಾರಿಗೆ ಡಿ.ಎಫ್.ಸಿ. ಎಂಬ ಬೆಳ್ಳಿಯ ಶಿಲುಬೆ, ಸಾರ್ಜೆಂಟನಿಗೆ ಡಿ.ಎಫ್.ಎಂ. ಎಂಬ ಅಂಡಾಕಾರದ ಬಿಲ್ಲೆ! ಯುದ್ಧಕಾಲದಲ್ಲಿ ಕೊಟ್ಟ ಡಿ.ಎಫ್.ಸಿ.ಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕು, ಡಿ.ಎಫ್.ಎಂ.ಗಳು ಏಳು ಸಾವಿರವನ್ನೂ ಮುಟ್ಟಲಿಲ್ಲ. ಬಾಂಬರುಗಳಲ್ಲಿ ಹಾರಿದ ಸಾರ್ಜೆಂಟರೇನು ಬೆರಳೆಣಿಕೆಯವರೆ? ಊಟದ ಮನೆ ಬೇರೆ, ಪದಕ ಬೇರೆ, ಚಿತೆ ಮಾತ್ರ ಒಂದೇ. ಈ ಪಂಕ್ತಿಭೇದವನ್ನು ಕಿತ್ತುಹಾಕಲು ಅವರಿಗೆ ೧೯೯೩ರವರೆಗೆ ಕಾಲ ಬೇಕಾಯಿತು.

ಇನ್ನೊಂದು ನಿಯಮವಂತೂ ಇನ್ನೂ ವಿಚಿತ್ರ. ಸತ್ತವನಿಗೆ ವಿಕ್ಟೋರಿಯಾ ಕ್ರಾಸ್ ಕೊಡಬಹುದು, ಇಲ್ಲವೆ ಸೇನಾವರದಿಯಲ್ಲಿ ಹೆಸರೆತ್ತಬಹುದು. ನಡುವಿನ ಶೌರ್ಯಪದಕ ಯಾವುದನ್ನೂ ಕೊಡುವಂತಿರಲಿಲ್ಲ. ೧೯೭೯ರಲ್ಲಿ ಈ ಕಟ್ಟಳೆ ಸಡಿಲವಾಯಿತು. ಇದರ ಫಲವೇನು? ೧೯೪೩ರ ಮೇ ೧೬ರ ರಾತ್ರಿ ಜರ್ಮನಿಯ ಅಣೆಕಟ್ಟುಗಳನ್ನೊಡೆಯಲು ೧೯ ಲ್ಯಾಂಕಾಸ್ಟರುಗಳಲ್ಲಿ ೧೩೩ ಮಂದಿ ಹೋದರು. ಎಂಟು ವಿಮಾನಗಳು ಹಿಂದಿರುಗಲಿಲ್ಲ. ೫೩ ಮಂದಿ ಸತ್ತರು, ಮೂವರು ಸೆರೆಯಾದರು. ಆ ದಾಳಿಗಾಗಿ ಪದಕ ಪಡೆದವರು ೩೪ ಮಂದಿ, ಎಲ್ಲರೂ ಮರಳಿ ಬಂದವರು. ಜಾನ್ ಹಾಪ್‌ಗುಡ್ ಎಂಬ ಚಾಲಕ, ಉರಿಯುತ್ತಿದ್ದ ವಿಮಾನವನ್ನು ಮೇಲೆತ್ತಿ ಸಂಗಡಿಗರು ಹಾರಿಕೊಳ್ಳುವಷ್ಟು ಎಡೆ ಮಾಡಿಕೊಟ್ಟ. ಅದರಿಂದ ಇಬ್ಬರು ಬದುಕಿದರು, ಅವನು ಉಳಿಯಲಿಲ್ಲ. ಆ ರಾತ್ರಿಯ ಕಾರ್ಯಕ್ಕೆ ಅವನಿಗೆ ಪದಕವಿಲ್ಲ.

ಪದಕಕ್ಕೆ ಸಾಕ್ಷಿಯೂ ಬೇಕಷ್ಟೆ. ಕೆನಡಾದ ಆಂಡ್ರೂ ಮಿನಾರ್ಸ್ಕಿ ೧೯೪೪ರ ಜೂನಿನಲ್ಲಿ, ಫ್ರಾನ್ಸಿನ ಮೇಲೆ ಉರಿಯುತ್ತಿದ್ದ ಲ್ಯಾಂಕಾಸ್ಟರಿನಲ್ಲಿ, ಬಾಲದ ಗೋಪುರದಲ್ಲಿ ಸಿಕ್ಕಿಬಿದ್ದ ಗೆಳೆಯನನ್ನು ಬಿಡಿಸಲು ಬೆಂಕಿಯೊಳಗೆ ತೆವಳಿಹೋದ. ಬಿಡಿಸಲಾಗಲಿಲ್ಲ, ಮೈಗೆ ಹತ್ತಿದ ಬೆಂಕಿಯೊಡನೆ ಹಾರಿ, ಸುಟ್ಟಗಾಯದಿಂದ ಸತ್ತ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ೧೯೪೬ರಲ್ಲಿ. ಅದೂ ಹೇಗೆ? ಬಾಲದಲ್ಲಿ ಸಿಕ್ಕಿಬಿದ್ದಿದ್ದ ಆ ಗೆಳೆಯ, ವಿಮಾನ ನೆಲಕ್ಕಪ್ಪಳಿಸಿದಾಗ ಪವಾಡದಂತೆ ಬದುಕಿ ಉಳಿದು ನಡೆದುದನ್ನು ಹೇಳಿದ್ದರಿಂದ! ಅವನೂ ಸತ್ತಿದ್ದರೆ ಮಿನಾರ್ಸ್ಕಿ ಯಾರೆಂದು ನಾವು ಕೇಳುತ್ತಲೂ ಇರಲಿಲ್ಲ. ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು ೧,೨೫,೦೦೦. ಸತ್ತವರು ೫೫,೫೭೩. ಏಳಕ್ಕೆ ಏಳೂ ಮಂದಿ ಸತ್ತ ವಿಮಾನಗಳಲ್ಲಿ ಎಷ್ಟು ಮಿನಾರ್ಸ್ಕಿಗಳಿದ್ದರೋ, ಹೇಳಲು ಯಾರು ಉಳಿದಿದ್ದಾರೆ?

“ಒಟ್ಟಿಗೆ ಹೋರಾಡಿದವರಿಗೆ ಒಟ್ಟಿಗೆ ಪದಕ ಕೊಡುವ ಪದ್ಧತಿ ಇರಲಿಲ್ಲವಲ್ಲ” ಎನ್ನುವವರಿದ್ದಾರೆ. ಇತ್ತು. ಇಡೀ ತಂಡ ಸಮಾನ ಶೌರ್ಯ ತೋರಿದಾಗ ತಂಡದವರೇ ಮತಹಾಕಿ ತಮ್ಮವರನ್ನು ಆರಿಸಿಕೊಳ್ಳಬಹುದೆಂದು ವಿಕ್ಟೋರಿಯಾ ಕ್ರಾಸಿನ ೧೮೫೬ರ ಮೂಲ ಶಾಸನದಲ್ಲಿಯೇ ಇದೆ; ೧೯೧೮ರ ಜೀಬ್ರುಗ ನೌಕಾದಾಳಿಯ ನಂತರ ಹಾಗೆ ಆರಿಸಿದ್ದೂ ಉಂಟು. ೧೯೪೨ರ ಏಪ್ರಿಲ್‌ನಲ್ಲಿ ಆರನೆಯ ಜಾರ್ಜ್ ದೊರೆ ಮಾಲ್ಟಾ ದ್ವೀಪಕ್ಕೇ ಜಾರ್ಜ್ ಕ್ರಾಸ್ ಕೊಟ್ಟನು. ಒಂದು ದ್ವೀಪದ ಕೊರಳಿಗೆ ಪದಕ ತೊಡಿಸಬಲ್ಲ ಪ್ರಭುತ್ವಕ್ಕೆ ಮೂವರು ಕುಳಿತ ಒಂದು ವಿಮಾನ ಅಷ್ಟು ದೊಡ್ಡದಾಯಿತೆ?

ಇಷ್ಟು ಬರೆದ ಮೇಲೆ ಬರುವ ದೊಡ್ಡ ಆಕ್ಷೇಪಣೆ ನನಗೆ ಗೊತ್ತು. ಹ್ಯಾಂಬರ್ಗ್, ಡ್ರೆಸ್ಡೆನ್ ನಗರಗಳನ್ನು ಸುಟ್ಟ ಈ ಬಾಂಬರಿನವರಿಗೆ ಪದಕವೇಕೆ ಎಂಬುದು. ಸತ್ತ ಹೆಂಗಸರು ಮಕ್ಕಳ ಲೆಕ್ಕವನ್ನು ನಾನು ಮರೆಯುವವನಲ್ಲ. ಅಣೆಕಟ್ಟೊಡೆದಾಗ ನೆರೆಯಲ್ಲಿ ಕೊಚ್ಚಿಹೋದವರು ಸಾವಿರಕ್ಕೂ ಮಿಕ್ಕು. ಅವರಲ್ಲಿ ಬಹುಮಂದಿ ಸೋವಿಯತ್ ನಾಡಿನಿಂದ ಹಿಡಿದು ತಂದಿದ್ದ ಬಿಟ್ಟಿಯಾಳುಗಳು. ಆದರೆ ಯಾವ ಊರನ್ನು ಸುಡಬೇಕೆಂದು ಗೊತ್ತುಮಾಡಿದವರು ಮೇಜಿನ ಹಿಂದೆ ಕುಳಿತವರೇ ಹೊರತು ವಿಮಾನದ ಬಾಲದಲ್ಲಿ ನಡುಗುತ್ತ ಕುಳಿತವನಲ್ಲ. ಇಲ್ಲಿಯ ಅನ್ಯಾಯ ಇಮ್ಮಡಿಯದು: ಕೀರ್ತಿ ಹಂಚುವಾಗ “ಅವನು ನಿರ್ಧರಿಸಲಿಲ್ಲ” ಎಂದು ಕೈಬಿಟ್ಟರು; ಅಪಕೀರ್ತಿ ಹಂಚುವಾಗ ಅದೇ ಮಾತನ್ನು ಮರೆತು ಅವನಿಗೂ ಒಂದು ಪಾಲು ಕೊಟ್ಟರು. ಯುದ್ಧ ಮುಗಿದು ಅರುವತ್ತೇಳು ವರ್ಷಗಳಾದ ಮೇಲೆ, ೨೦೧೨ರಲ್ಲಿ, ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಅವರಿಗೊಂದು ಸ್ಮಾರಕವೆದ್ದಿತು. ಮರು ವರ್ಷ, ಹಳೆಯ ಪದಕದ ಪಟ್ಟಿಗೆ ಸಿಕ್ಕಿಸಿಕೊಳ್ಳಲು ಒಂದು ಪುಟ್ಟ ಲೋಹದ ತುಂಡನ್ನು ಕೊಟ್ಟರು. ಆಗ ಉಳಿದಿದ್ದವರು ತೊಂಬತ್ತರ ಆಸುಪಾಸಿನ ಮುದುಕರು.

ಸ್ವತಂತ್ರ ಭಾರತವು ೧೯೫೦ರಲ್ಲಿ ಪರಮವೀರ, ಮಹಾವೀರ, ವೀರಚಕ್ರಗಳನ್ನು ಏರ್ಪಡಿಸಿದಾಗ ಅಧಿಕಾರಿಗೊಂದು ಸಿಪಾಯಿಗೊಂದು ಎಂಬ ಭೇದವನ್ನಿಡಲಿಲ್ಲ. ಇದು ಮೆಚ್ಚತಕ್ಕ ಮಾತು. ಆದರೆ ಕಟ್ಟಳೆ ತಿದ್ದಿದ ಮಾತ್ರಕ್ಕೆ ಕಣ್ಣು ತಿದ್ದಿದಂತಾಗಲಿಲ್ಲ. ನಮ್ಮ ಬರೆಹಗಳಲ್ಲಿ ಇಂದಿಗೂ ವಿಮಾನವೆಂದರೆ ಚಾಲಕ, ಹಡಗೆಂದರೆ ಕಪ್ತಾನ, ಗೆಲುವೆಂದರೆ ಸೇನಾಪತಿ.

ರೇನಾಲ್ಡ್ಸನಿಗೆ ಪದಕ ಕೊಡಿಸುವುದು ನನ್ನಿಂದಾಗದು, ನಿಮ್ಮಿಂದಲೂ ಆಗದು. ಆದರೆ ಯುದ್ಧದ ಕಥೆಗಳನ್ನು ಬರೆಯುವವರು, ತರಗತಿಯಲ್ಲಿ ಹೇಳುವವರು, ಮನೆಯಲ್ಲಿ ಮಕ್ಕಳಿಗೆ ಓದಿಸುವವರು ಒಂದು ಕೆಲಸ ಮಾಡಬಹುದು. ಪದಕ ಯಾರಿಗೆ ಬಂತೆಂದು ಓದಿದೊಡನೆ, ಆ ವಿಮಾನದಲ್ಲಿ ಇನ್ನೂ ಯಾರಿದ್ದರು ಎಂದು ಕೇಳಬಹುದು. ಗಾರ್ಲಂಡ್, ಗ್ರೇ ಎಂದು ಹೇಳಿ ಅಲ್ಲಿಗೇ ಉಸಿರು ನಿಲ್ಲಿಸದೆ ರೇನಾಲ್ಡ್ಸ್ ಎಂಬ ಹೆಸರನ್ನೂ ಸೇರಿಸಬಹುದು. ಅದಕ್ಕೆ ಯಾವ ದೊರೆಯ ಅಪ್ಪಣೆಯೂ ಬೇಕಿಲ್ಲ.