ಕಾಕಂಬಿಯಲ್ಲಿ ಹರಿದು ಹೋಗುವ ಕಬ್ಬಿನ ದರ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ಭಾಗದ ಹಳ್ಳಿಗಳಲ್ಲಿ ಎರಡೇ ಮಾತು. ತೂಕದಾಗ ಎಷ್ಟ ಹೊಡೆದ್ರು? ಬಿಲ್ಲ ಯಾವಾಗ ಕೊಡ್ತಾರು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ರೈತನ ದರ ಸೋರುವ ಇನ್ನೊಂದು ಜಾಗ ಕಾರ್ಖಾನೆಯ ಒಳಗಿದೆ. ಅದು ಕ್ರಿಸ್ಟಲೈಸರ್ ವಿಭಾಗ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂ. ಎಫ್‌ಆರ್‌ಪಿ ಗೊತ್ತುಪಡಿಸಿತು. ರಿಕವರಿ 0.1 ಏರಿದರೆ 3.46 ರೂ. ಹೆಚ್ಚು, ಇಳಿದರೆ ಅಷ್ಟೇ ಕಡಿತ. 9.5ರ ಕೆಳಗೆ ಹೋದರೆ ಮಾತ್ರ ಕಡಿತ 329.05ಕ್ಕೆ ನಿಲ್ಲುತ್ತದೆ. ಅಂದರೆ 0.1 ಎಂಬ ಸಣ್ಣ ಅಂಕಿಯ ಹಿಂದೆ ಟನ್ನಿಗೆ 34 ರೂ. 60 ಪೈಸೆ ಕೂತಿದೆ.

ರಿಕವರಿಯಲ್ಲಿ ತಳಿ, ನೀರು, ಕಡಿದ ಕಬ್ಬು ಗಾಡಿಯಲ್ಲಿ ಒಣಗುವುದು ಎಲ್ಲದರ ಪಾಲೂ ಇದೆ. ಆದರೆ ಕಬ್ಬು ಗೇಟು ದಾಟಿದ ಮೇಲೆ ಸಕ್ಕರೆ ಹೆಚ್ಚು ನಷ್ಟವಾಗುವುದು ಕಾಕಂಬಿಯಲ್ಲೇ. ಪ್ಯಾನಿನಲ್ಲಿ ಕುದಿದ ಕೊನೆಯ ಪಾಕ ಸುಮಾರು 65-70 ಡಿಗ್ರಿ ಬಿಸಿಯಿರುತ್ತದೆ. ಅದನ್ನು ಕ್ರಿಸ್ಟಲೈಸರಿನಲ್ಲಿ ತಿರುವುತ್ತ ನಿಧಾನವಾಗಿ 40 ಡಿಗ್ರಿ ಸಮೀಪಕ್ಕೆ ತಂದರೆ ಕರಗಿದ ಸಕ್ಕರೆ ಹರಳಿಗೆ ಹತ್ತುತ್ತದೆ. ಇದಕ್ಕೆ ಇಪ್ಪತ್ತು ತಾಸಿಗೂ ಮೇಲೆ ಬೇಕು. ಕಾಯಿಲ್‌ಗೆ ಗಸಿ ಕಟ್ಟಿದ್ದರೆ, ತೊಟ್ಟಿಗಳು ಸಾಲದಿದ್ದರೆ, ಬಿಸಿ ಪಾಕವೇ ಸೆಂಟ್ರಿಫ್ಯೂಗಲ್ ಮಷಿನ್ನಿಗೆ ಹೋಗ್ತದೆ. ಪಾಕ ಗಟ್ಟಿಯಾಯ್ತೆಂದು ನೀರು ಸುರಿದರೆ ಕೂಡಿದ ಹರಳೂ ಕರಗಿ ಕಾಕಂಬಿ ಪಾಲು.

ಲೆಕ್ಕ ಸರಳ. ಟನ್ ಕಬ್ಬಿಗೆ ಸುಮಾರು 45 ಕಿಲೋ ಕಾಕಂಬಿ. ಅದರ ಶುದ್ಧತೆ ಮೂರು ಅಂಶ ಇಳಿದರೆ ಟನ್ನಿಗೆ ಒಂದು ಕಿಲೋ ಸಕ್ಕರೆ ಉಳಿಯಿತು, ರಿಕವರಿ 0.1 ಏರಿತು. ಐದು ಲಕ್ಷ ಟನ್ ನುರಿಸುವ ಕಾರ್ಖಾನೆಗೆ ಇದು 500 ಟನ್. ಹೊಸ ಕಟ್ಟಡ, ಕಮಾನಿಗೆ ಹಣ ಹುಡುಕುವ ಸಂಚಾಲಕ ಮಂಡಳಿಗಳು ಕಾಯಿಲ್ ಬದಲಿಸಲು, ಲಂಬ ಕ್ರಿಸ್ಟಲೈಸರ್ ಹಾಕಲು ಯಾಕೆ ಹಿಂದೆಮುಂದೆ ನೋಡ್ತವೆ?

ಎಥೆನಾಲ್‌ಗೆ ಬಿ-ಹೆವಿ ಕಾಕಂಬಿ ಕಳಿಸುವ ಕಾರ್ಖಾನೆಗಳ ಮಾತು ಬೇರೆ. ಅಲ್ಲಿ ಸಕ್ಕರೆ ಬೇಕೆಂದೇ ಬಿಡ್ತಾರೆ. ಹಾಗೆ ಬಿಟ್ಟಿದ್ದನ್ನು ರೈತನ ರಿಕವರಿಗೆ ಕೂಡಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಕಾಕಂಬಿಯ ಶುದ್ಧತೆಯನ್ನು ಕಾರ್ಖಾನೆಯ ಲ್ಯಾಬಿನಲ್ಲಿ ದಿನಾ ಬರೆದಿಡ್ತಾರೆ. ವಾರ್ಷಿಕ ಸಭೆಯ ಅಹವಾಲಿನಲ್ಲಿ ಆ ಅಂಕಿಯನ್ನು ತಿಂಗಳುವಾರು ಹಾಕಲಿ. ಗಡಿ ಹಳ್ಳಿಯ ಸಭಾಸದರಿಗಾಗಿ ಕನ್ನಡದಲ್ಲೂ ಒಂದು ಪುಟ ಇರಲಿ.