ನೀಲಗಾರರ ಪದ ಉಳಿಯಬೇಕಾದರೆ



ಹೋದ ವಾರ ಸಮಾಜ ಪಾಠದಲ್ಲಿ ಮೇಷ್ಟ್ರು, "ನಮ್ಮ ಪರಂಪರೆ ಕಾಪಾಡೋದು ಯಾರ ಕೆಲಸ?" ಎಂದು ಕೇಳಿದರು. ನಾವೆಲ್ಲ ಒಟ್ಟಿಗೆ "ಸರ್ಕಾರದ್ದು ಸಾರ್" ಅಂದೆವು. ನಾನೂ ಜೋರಾಗಿ ಅಂದೆ. ಮನೆಗೆ ಹೋದ ಮೇಲೆ ಅದು ತಪ್ಪು ಅನ್ನಿಸಿತು.

ಯಾಕೆಂದರೆ ನಮ್ಮ ಮನೆ ಗೋಡೆಯಲ್ಲಿ ತಾತನ ತಂಬೂರಿ ತೂಗುಹಾಕಿದೆ. ನಮ್ಮ ತಾತ ನೀಲಗಾರರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕಥೆಯನ್ನು ರಾತ್ರಿಯೆಲ್ಲ ಹಾಡುತ್ತಿದ್ದರು. ಒಬ್ಬರು ತಂಬೂರಿ ಹಿಡಿದು ಮುಂದೆ ಹಾಡಬೇಕು, ಉಳಿದವರು ಡಕ್ಕೆ, ತಾಳ, ಗಗ್ಗರ ಹಿಡಿದು ಹಿಮ್ಮೇಳ ಕೊಡಬೇಕು. ಈಗ ತಾತನ ಜೊತೆಯವರು ಇಲ್ಲ. "ಹಿಮ್ಮೇಳ ಇಲ್ದೆ ಒಬ್ನೇ ಏನ್ ಹಾಡ್ಲಿ ಮಗ?" ಅಂತಾರೆ.

ನಮ್ಮ ಅಪ್ಪ ಯಾಕೆ ಕಲಿಯಲಿಲ್ಲ? ಕೇಳಿದೆ. "ಭಿಕ್ಷೆ ಬೇಡೋರ ಮಗ ಅಂತ ರೇಗಿಸ್ತಿದ್ರು ಕಣೋ" ಅಂದರು. ನಿಜ ಹೇಳುತ್ತೇನೆ, ನಾಲ್ಕನೇ ತರಗತಿಯಲ್ಲಿ ನನ್ನನ್ನೂ ಕೆಲವರು ಹಾಗೇ ಅಂದಿದ್ದರು. ಆಮೇಲೆ ತಾತ ಜೋಳಿಗೆ ಹಾಕಿಕೊಂಡು ಬೀದಿಯಲ್ಲಿ ಬಂದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ.

ಆದರೆ ಯೋಚನೆ ಮಾಡಿ. ಆ ಕಥೆಯಲ್ಲಿ ಸಿದ್ದಪ್ಪಾಜಿಯವರೇ ಗುರುಗಳ ಮಾತಿನಂತೆ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದವರು. ಅವರ ಗದ್ದುಗೆಗೆ ಕೈಮುಗಿದು, ಅವರ ಪದ ಹಾಡುವವರ ಜೋಳಿಗೆ ನೋಡಿ ನಗುವುದು ಯಾವ ನ್ಯಾಯ?

ಪುಸ್ತಕ ಇದೆಯಲ್ಲ ಅಂತ ಕೆಲವರು ಹೇಳಬಹುದು. ಹೌದು, 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಅಚ್ಚು ಮಾಡಿತು. ಅದು ಬಹಳ ದೊಡ್ಡ ಕೆಲಸ. ಮೊಬೈಲಿನಲ್ಲೂ ಪದ ಸಿಗುತ್ತವೆ. ಆದರೆ ಮೊಬೈಲು ತಾತನ ಹಾಗೆ, ಕೇಳುವವರಿಗೆ ನಿದ್ದೆ ಬಂದಾಗ ಕಥೆಯ ನಡುವೆ ತಮಾಷೆ ಸೇರಿಸಿ ಎಬ್ಬಿಸುವುದಿಲ್ಲ. ಪುಸ್ತಕ ಬೀಜದ ಹಗೇವು ಇದ್ದ ಹಾಗೆ. ಬಿತ್ತುವವರು ಬೇಡವೇ?

ಚಿಕ್ಕಲ್ಲೂರು ಜಾತ್ರೆ ನೋಡಿ. ಐದು ದಿನದ ಜಾತ್ರೆಯಲ್ಲಿ ಮೊದಲನೇ ರಾತ್ರಿ ಚಂದ್ರಮಂಡಲ ಉರಿಯುತ್ತದೆ. ಬಿದಿರು, ಬಟ್ಟೆ, ಎಣ್ಣೆ ಎಲ್ಲವನ್ನೂ ಜನ ಹಂಚಿಕೊಂಡು ಕೂಡಿಸುತ್ತಾರೆ. ಉರಿ ಯಾವ ಕಡೆ ವಾಲುತ್ತದೋ ಆ ಕಡೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಅಂತ ನಂಬಿಕೆ. ಪಂಕ್ತಿಸೇವೆಯ ದಿನ ಬೇರೆ ಬೇರೆ ಜಾತಿಯವರು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಎಲ್ಲರೂ ನಮ್ಮದು ಅಂದುಕೊಂಡದ್ದರಿಂದಲೇ ಅದು ಉಳಿದಿದೆ.

2003ರಲ್ಲಿ ಯುನೆಸ್ಕೋ ಸಂಸ್ಥೆ ಹಾಡು, ಕಥೆ, ಹಬ್ಬ, ಕೈಕಸುಬು ಇಂಥವನ್ನು ಉಳಿಸಲು ಒಪ್ಪಂದ ಮಾಡಿತು. 2005ರಲ್ಲಿ ನಮ್ಮ ದೇಶವೂ ಸೇರಿತು. ಅವನ್ನು ಉಳಿಸುವ ಕೆಲಸದಲ್ಲಿ ಆ ಜನರೇ ಭಾಗಿಯಾಗಬೇಕು ಅಂತ ಅದರಲ್ಲಿ ಇದೆಯಂತೆ. ಮೇಷ್ಟ್ರು ಹೇಳಿದರು.

ಅದಕ್ಕೆ ನನ್ನ ಅನಿಸಿಕೆ ಇಷ್ಟು. ಶನಿವಾರ ಕೊನೆ ಪೀರಿಯಡ್ಡಿನಲ್ಲಿ ಊರಿನ ಹಾಡುಗಾರರನ್ನು ಶಾಲೆಗೆ ಕರೆಯೋಣ. ಮಾದೇಶ್ವರನ ಪದ ಹಾಡುವ ಕಂಸಾಳೆಯವರನ್ನೂ, ಸೋಬಾನೆ ಹಾಡುವ ಅಜ್ಜಿಯರನ್ನೂ ಕರೆಯೋಣ. ಅವರನ್ನು ನೆಲದ ಮೇಲೆ ಕೂರಿಸದೆ ಮೇಷ್ಟ್ರ ಕುರ್ಚಿ ಕೊಡೋಣ. ಯಾವುದನ್ನು ಬರೆದುಕೊಳ್ಳಬಹುದು ಅಂತ ಅವರನ್ನೇ ಕೇಳೋಣ. ಹಿಮ್ಮೇಳವನ್ನು ನಾವು ಕಲಿಯೋಣ, ಹೆಣ್ಣುಮಕ್ಕಳೂ ಸೇರಲಿ. ಸರ್ಕಾರ ಮಾಸಾಶನ ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಹಿಮ್ಮೇಳಕ್ಕೆ ಸರ್ಕಾರ ಬಂದು ಕೂರುತ್ತದೆಯೇ?

ನಿನ್ನೆ ಸಂಜೆ ತಂಬೂರಿ ಇಳಿಸಿ ಧೂಳು ಒರೆಸಿದೆ. ತಾತ ತಂತಿ ಬಿಗಿ ಮಾಡಿ ಒಂದು ಪದ ಶುರು ಮಾಡಿದರು. ಹಿಮ್ಮೇಳಕ್ಕೆ ನಾನೊಬ್ಬನೇ ಇದ್ದೆ, ಎರಡು ಸಾರಿ ತಪ್ಪಿದೆ. ತಾತ ಬೈಯಲಿಲ್ಲ. ಇನ್ನೂ ಮೂರು ಜನ ಬೇಕು. ಯಾರು ಬರುತ್ತೀರಿ?

ಇಂತಿ,
ಏಳನೇ ತರಗತಿ ವಿದ್ಯಾರ್ಥಿ, ಶಾಗ್ಯ