ಅಜಾಯಬ್ ಘರ್‌ನ ಮೂಕ ಕಲ್ಲುಗಳು

ರಜೆ ಬಂದರೆ ಸಾಕು, ಹಂಪಿಗೆ ಹೋದವರು ಬರುವ ಹಾದಿಯಲ್ಲಿ ಲಕ್ಕುಂಡಿಯಲ್ಲೂ ಇಳಿಯುತ್ತಾರೆ. ಗದಗಿನಿಂದ ಬರೀ 12 ಕಿ.ಮೀ. ಕಾಶಿವಿಶ್ವೇಶ್ವರ ಗುಡಿ, ಮುಸುಕಿನ ಬಾವಿ, ಬ್ರಹ್ಮ ಜಿನಾಲಯ ಮುಗಿಸಿ, ಅದರ ಪಕ್ಕದಲ್ಲೇ ಇರುವ ಶಿಲ್ಪ ಸಂಗ್ರಹಾಲಯಕ್ಕೆ ಹತ್ತು ನಿಮಿಷ. ಮುಕ್ಕಾದ ವಿಗ್ರಹದ ಪಕ್ಕ ನಿಂತು ಒಂದು ಫೋಟೋ. ಏನು ನೋಡಿದಿರಿ ಎಂದು ಮಕ್ಕಳನ್ನು ಕೇಳಿದರೆ, ‘ಏನೇನೋ ವಿಚಿತ್ರ ಕಲ್ಲು’ ಎನ್ನುತ್ತವೆ.

ಉರ್ದು ಮನೆಮಾತಿನವರು ವಸ್ತುಸಂಗ್ರಹಾಲಯವನ್ನು ‘ಅಜಾಯಬ್ ಘರ್’ ಎನ್ನುತ್ತಾರೆ, ಅಚ್ಚರಿಗಳ ಮನೆ ಎಂದು. 13ನೇ ಶತಮಾನದ ವಿದ್ವಾಂಸ ಝಕರಿಯಾ ಅಲ್ ಕಝ್ವೀನಿ ಸೃಷ್ಟಿಯ ಅಜಾಯಬ್‌ಗಳ ಕುರಿತು ದೊಡ್ಡ ಗ್ರಂಥವನ್ನೇ ಬರೆದ. ಒಂದು ವಸ್ತುವಿನ ಕಾರಣ ತಿಳಿಯದೆ ಮನುಷ್ಯ ತಬ್ಬಿಬ್ಬಾಗುವುದೇ ಅಚ್ಚರಿ ಎಂಬುದು ಅವನ ವಿವರಣೆ. ಹಾಗಾದರೆ ಅಚ್ಚರಿಪಟ್ಟವನು ಕಾರಣ ಹುಡುಕಬೇಕು. ನಾವು ಹುಡುಕುವುದಿಲ್ಲ. ಕಾರಣ ಇರಬೇಕಾದ ಜಾಗದಲ್ಲಿ ಗಾಳಿಮಾತು ಬಂದು ಕೂರುತ್ತದೆ.

ಮೂಗು ಮುರಿದ ವಿಗ್ರಹದ ಮುಂದೆ ಮಗು ‘ಯಾರು ಒಡೆದದ್ದು?’ ಎಂದು ಕೇಳುತ್ತದೆ. ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ‘ಇನ್ಯಾರು, ಸಾಬರು.’ ಸುಲ್ತಾನರ ಸೈನ್ಯಗಳು ಯಾವ ಗುಡಿಯನ್ನೂ ಮುಟ್ಟಲಿಲ್ಲ ಎಂದು ಯಾರೂ ವಾದಿಸಬೇಕಾಗಿಲ್ಲ. ಆದರೆ ಇದೇ ಗದಗ ಸೀಮೆಯ ಗಾವರವಾಡದ ಶಾಸನ ಏನು ಹೇಳುತ್ತದೆ? ಚೋಳ ಅರಸ ಬೆಳ್ವೊಲ ನಾಡಿನ ಬಸದಿಗಳನ್ನು ಸುಟ್ಟ ಎನ್ನುತ್ತದೆ. ಅದು 11ನೇ ಶತಮಾನದ ಮಾತು, ದಿಲ್ಲಿಯ ಸೈನ್ಯ ಇತ್ತ ಕಾಲಿಡುವ ಎರಡು ಶತಮಾನಕ್ಕೂ ಹಿಂದಿನದು. ಲಕ್ಕುಂಡಿಯ ಕಲ್ಲೋ, ನಯವಾದ ಕೆತ್ತನೆಗೆ ಒದಗುವ ಮೆದು ಬಳಪದ ಕಲ್ಲು. ಮೂಗು, ಬೆರಳು ಮುರಿಯಲು ಸೈನ್ಯವೇ ಬರಬೇಕಿಲ್ಲ. ಗೋಡೆ ಕುಸಿದರೆ ಸಾಕು, ಎತ್ತಿ ಸಾಗಿಸುವಾಗ ಕೈಜಾರಿದರೂ ಸಾಕು. ಒಂದೊಂದು ಕಲ್ಲಿಗೂ ಒಂದೊಂದು ಕಥೆ ಇದೆ. ಅದನ್ನು ವಿಚಾರಿಸದೆ ಎಲ್ಲಕ್ಕೂ ಒಬ್ಬನೇ ಆರೋಪಿಯನ್ನು ನಿಲ್ಲಿಸುವುದು ಇತಿಹಾಸವಲ್ಲ, ಸೋಮಾರಿತನ. ಆ ಸೋಮಾರಿತನದ ಬೆಲೆಯನ್ನು ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗ ತೆರುತ್ತಾನೆ.

ತಪ್ಪು ಬರೀ ನೋಡುವವರದಲ್ಲ, ತೋರಿಸುವವರದೂ ಹೌದು. ನಾಡಿನ ಎಷ್ಟೋ ಸಂಗ್ರಹಾಲಯಗಳಲ್ಲಿ ಹೆಸರು, ಶತಮಾನ ಬರೆದರೆ ಫಲಕದ ಕೆಲಸ ಮುಗಿಯಿತು. 2024ರ ನವೆಂಬರಿನಲ್ಲಿ ಲಕ್ಕುಂಡಿಯ ಅಂಗಳ, ಹಿತ್ತಿಲು, ಓಣಿಗಳಲ್ಲಿ ಚೆದುರಿದ್ದ ನೂರಾರು ಅವಶೇಷಗಳನ್ನು ಅಭಿಯಾನ ಮಾಡಿ ಒಟ್ಟುಗೂಡಿಸಿದರು. ಒಳ್ಳೆಯ ಕೆಲಸ. ಆದರೆ ಆ ಕಲ್ಲು ಯಾವ ಓಣಿಯಲ್ಲಿತ್ತು, ಅದಕ್ಕೆ ಕುಂಕುಮ ಹಚ್ಚುತ್ತಿದ್ದರೋ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರೋ ಎಂಬುದೂ ಅದರ ಚರಿತ್ರೆಯೇ ತಾನೆ? ಅದು ದಾಖಲಾಗದಿದ್ದರೆ ಊರಿನ ಕಲ್ಲು ಊರಿಗೇ ವಿಚಿತ್ರ ವಸ್ತುವಾಗುತ್ತದೆ.

ಸಾವಿರ ವರ್ಷಗಳ ಹಿಂದೆ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆ, ಒಬ್ಬ ವಿಧವೆ. ಇದು ಇಂದು ನಮಗೆ ಗೊತ್ತಿರುವುದು ಕಟ್ಟಡದ ಚೆಲುವಿನಿಂದಲ್ಲ, 1007ರ ಶಾಸನದ ಅಕ್ಷರಗಳಿಂದ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದವಳೂ ಅವಳೇ. ಬರೆದಿಟ್ಟದ್ದು ಉಳಿಯುತ್ತದೆ, ಹಂಚಿದ್ದು ಬದುಕುತ್ತದೆ ಎಂದು ಆಕೆಗೆ ತಿಳಿದಿತ್ತು. ಅವಳ ಊರಿನಲ್ಲೇ ಕಲ್ಲುಗಳು ಮೂಕವಾಗಿ ನಿಲ್ಲಬೇಕೇ?

ಪ್ರತಿ ಶಿಲ್ಪದ ಕೆಳಗೆ ಮಕ್ಕಳಿಗೂ ಅರ್ಥವಾಗುವ ಕನ್ನಡದಲ್ಲಿ ಮೂರು ಸಾಲು ಬರೆಯಿರಿ: ಎಲ್ಲಿ ಸಿಕ್ಕಿತು, ಯಾರು ಮಾಡಿಸಿದರು, ಹೇಗೆ ಮುರಿಯಿತು. ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ. ಆ ಒಂದು ಪದವಿದ್ದರೂ ಸಾಕು, ಎಷ್ಟೋ ಸುಳ್ಳುಗಳ ಬಾಯಿ ಮುಚ್ಚುತ್ತದೆ.